ಸಂದರ್ಶನದ ಅರ್ಧ ಗಂಟೆ: ಜೈಲಿನ ಕಿಟಕಿಯಲ್ಲಿ ಆಗಬೇಕಾದ ಜಾಮೀನಿನ ಕೆಲಸ

ಜೈಲಿನಲ್ಲಿರುವವರನ್ನು ನೋಡಲು ಹೋಗುವುದೆಂದರೆ ಮುಖ ನೋಡಿ, ನಾಲ್ಕು ಮಾತಾಡಿ, ಧೈರ್ಯ ಹೇಳಿ ಬರುವುದು ಎಂದೇ ಹೆಚ್ಚಿನವರ ಎಣಿಕೆ. ಜೈಲಿನ ನಿಯಮ ಬರೆದವರ ಎಣಿಕೆಯೂ ಅದೇ. ಆದರೆ ಜೈಲಿನೊಳಗೆ ಇರುವವರು ಯಾರು ಎಂದು ನೋಡಿದರೆ ಈ ಎಣಿಕೆ ನಿಲ್ಲುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಲ್ಲಿ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತೇ ಆಗಿಲ್ಲ.

ಇಂಥವರ ಪಾಲಿಗೆ ವಕೀಲರು ಸಿಗಬೇಕು, ವಕೀಲರಿಗೆ ಕೇಸು ನಡೆಸಲು ಅಧಿಕಾರ ಕೊಡುವ ವಕಾಲತ್ತಿಗೆ ಸಹಿ ಆಗಬೇಕು, ಜಾಮೀನು ನಿಲ್ಲುವವರನ್ನು ಒಪ್ಪಿಸಬೇಕು, ಅವರ ಪಹಣಿ ತೆಗೆಸಬೇಕು. ಓಡಾಟವೆಲ್ಲ ಹೊರಗಿರುವವರದು. ಯಾರನ್ನು ಕೇಳಬೇಕು, ಕಾಗದ ಎಲ್ಲಿದೆ, ಹಳೆಯ ಕೇಸೇನಾದರೂ ಇದೆಯೇ ಎಂಬ ಮಾಹಿತಿ ಒಳಗಿರುವವರದು. ಇವೆರಡೂ ಕೂಡುವ ಜಾಗ ಸಂದರ್ಶನದ ಕಿಟಕಿ. ಹಾಗಾಗಿ ವಿಚಾರಣಾಧೀನರ ಮಟ್ಟಿಗೆ ಮುಲಾಖತ್ತು ಎಂಬುದು ಸಾಂತ್ವನಕ್ಕೂ ಮೊದಲು ಕೇಸಿನ ಕೆಲಸ. ಈ ಕೆಲಸಕ್ಕೆ ಸಿಗುವ ಸಮಯ ಒಂದು ಸಲಕ್ಕೆ ಅರ್ಧ ಗಂಟೆ, ಅದೂ ಸಿಕ್ಕರೆ.

ಮೊದಲು, ಮನುಷ್ಯ ಎಲ್ಲಿದ್ದಾನೆ?

ಬಂಧನವಾದ ಮರುದಿನವೇ ಜೈಲಿನ ಗೇಟಿಗೆ ಹೋಗಿ ವಾಪಸಾಗುವವರು ಬಹಳ. ಪೊಲೀಸ್ ಕಸ್ಟಡಿ ಬೇರೆ, ನ್ಯಾಯಾಂಗ ಬಂಧನ ಬೇರೆ. ಮ್ಯಾಜಿಸ್ಟ್ರೇಟರು ನ್ಯಾಯಾಂಗ ಬಂಧನಕ್ಕೆ ಒಪ್ಪಿಸಿದ ಮೇಲಷ್ಟೇ ಆತ ಜೈಲಿನ ರಿಜಿಸ್ಟರಿಗೆ ಬರುತ್ತಾನೆ. ಅಲ್ಲಿಯವರೆಗೆ ಠಾಣೆಯೇ ಗತಿ. ಠಾಣೆಯಲ್ಲಿರುವಾಗ, ವಿಚಾರಣೆ ನಡೆಯುತ್ತಿರುವಷ್ಟೂ ಹೊತ್ತು ಅಲ್ಲದಿದ್ದರೂ, ನಡುವೆ ತನ್ನ ಆಯ್ಕೆಯ ವಕೀಲರನ್ನು ಕಾಣುವ ಹಕ್ಕನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 38ನೇ ಕಲಂ ಕೊಟ್ಟಿದೆ. ಬಂಧನದ ಸುದ್ದಿಯನ್ನು ಆತ ಹೇಳಿದ ಒಬ್ಬ ಬಂಧುವಿಗೋ ಗೆಳೆಯನಿಗೋ ತಿಳಿಸುವುದು ಪೊಲೀಸರ ಕರ್ತವ್ಯ.

ಜೈಲಿಗೆ ಹೋದ ಮೇಲೆ ಐದು ವಿವರ ಕೈಯಲ್ಲಿರಬೇಕು: ಎಫ್‌ಐಆರ್‌ನಲ್ಲಿ ಇರುವಂತೆಯೇ ಹೆಸರು, ತಂದೆಯ ಹೆಸರು, ಠಾಣೆ ಮತ್ತು ಅಪರಾಧ ಸಂಖ್ಯೆ, ರಿಮ್ಯಾಂಡ್ ಮಾಡಿದ, ಅಂದರೆ ಬಂಧನಕ್ಕೆ ಒಪ್ಪಿಸಿದ ಕೋರ್ಟು, ಜೈಲಿನಲ್ಲಿ ಕೊಟ್ಟ ಬಂದಿ ಸಂಖ್ಯೆ. ವಿಚಾರಣಾಧೀನರದಾದರೆ ಇದನ್ನು ಯುಟಿಪಿ (ಅಂಡರ್ ಟ್ರಯಲ್ ಪ್ರಿಸನರ್) ನಂಬರ್ ಎನ್ನುತ್ತಾರೆ. ದೊಡ್ಡ ಕೇಂದ್ರ ಕಾರಾಗೃಹದಲ್ಲಿ ಒಂದೇ ಹೆಸರಿನವರು ಹತ್ತಾರು ಮಂದಿ ಇರುತ್ತಾರೆ. ತಂದೆಯ ಹೆಸರಿಲ್ಲದೆ ಹುಡುಕುವುದು ಕಷ್ಟ, ಯುಟಿಪಿ ನಂಬರ್ ಇದ್ದರೆ ನಿಮಿಷದ ಕೆಲಸ. ಮೊದಲ ಭೇಟಿಯಲ್ಲೇ ಆ ಸಂಖ್ಯೆಯನ್ನು ಬರೆದುಕೊಂಡು ಬರಬೇಕು. ಆಮೇಲಿನ ಎಲ್ಲ ಅರ್ಜಿಗೂ ಅದು ಬೇಕು.

ಬುಕಿಂಗ್ ಎಂಬುದು ಟಿಕೆಟ್ಟಲ್ಲ

ಕೇಂದ್ರದ ಇ-ಪ್ರಿಸನ್ಸ್ ವ್ಯವಸ್ಥೆಯಡಿ ಇರುವ ಇ-ಮುಲಾಖತ್ ಜಾಲತಾಣದಲ್ಲಿ ಭೇಟಿಗೆ ಅರ್ಜಿ ಹಾಕಬಹುದು. ಭೇಟಿಗೆ ಹೋಗುವವರ ಹೆಸರು, ವಿಳಾಸ, ವಯಸ್ಸು, ಮೊಬೈಲ್ ಸಂಖ್ಯೆ, ಗುರುತಿನ ಚೀಟಿಯ ವಿವರ. ನಂತರ ರಾಜ್ಯ, ಜೈಲು, ದಿನಾಂಕ. ಜೊತೆಗೆ ಬರುವವರ ಹೆಸರು. ಖುದ್ದು ಭೇಟಿಯೋ ವಿಡಿಯೊ ಭೇಟಿಯೋ. ಕೊನೆಗೆ ಬಂದಿಯ ಹೆಸರು, ತಂದೆಯ ಹೆಸರು, ಸಂಬಂಧ. ಒಟಿಪಿ ಹಾಕಿದರೆ ಒಂದು ಕೋರಿಕೆ ಸಂಖ್ಯೆ ಬರುತ್ತದೆ. ಎಡವಟ್ಟಾಗುವುದು ಇಲ್ಲೇ. ಆ ಸಂಖ್ಯೆ ಬಂದ ಕೂಡಲೇ ಭೇಟಿ ಖಾತ್ರಿಯಾಯಿತು ಎಂದುಕೊಂಡು ಜನ ರಾತ್ರಿ ಬಸ್ಸು ಹತ್ತುತ್ತಾರೆ. ಅದು ಕೋರಿಕೆ ತಲುಪಿದ್ದಕ್ಕೆ ರಸೀದಿ, ಅಷ್ಟೆ. ಜೈಲಿನವರು ಒಪ್ಪಿದ ಮೇಲೆ ಬರುವ ಸಂದೇಶ ಬೇರೆ. ವಿಡಿಯೊ ಭೇಟಿಯಾದರೆ ಅದರಲ್ಲಿ ಸೇರಿಕೊಳ್ಳುವ ಕೊಂಡಿಯ ವಿವರ ಇರುತ್ತದೆ.

ಕೋರಿಕೆ ಬಿದ್ದುಹೋಗಲು ದೊಡ್ಡ ಕಾರಣಗಳೇನೂ ಬೇಕಿಲ್ಲ. ಆಧಾರ್‌ನಲ್ಲಿ ಒಂದು ಇನಿಷಿಯಲ್, ಅರ್ಜಿಯಲ್ಲಿ ಇನ್ನೊಂದು. ಅದೇ ದಿನ ಬಂದಿಯನ್ನು ಕೋರ್ಟಿಗೆ ಕರೆದೊಯ್ದಿರುವುದು. ಇದನ್ನು ತಪ್ಪಿಸಲು ನ್ಯಾಯಾಲಯಗಳ ಇ-ಕೋರ್ಟ್ಸ್ ಜಾಲತಾಣದಲ್ಲಿ ಕೇಸಿನ ಮುಂದಿನ ದಿನಾಂಕ ನೋಡಿಕೊಂಡು ಭೇಟಿಯ ದಿನ ಆರಿಸಬೇಕು. ಎಲ್ಲಕ್ಕಿಂತ ಸಾಮಾನ್ಯವಾದದ್ದು ಮನೆಯೊಳಗಿನ ಗೊಂದಲ. ಭೇಟಿಯ ಮಿತಿ ಇರುವುದು ಬಂದಿಯ ಹೆಸರಿನಲ್ಲಿ, ಹೋಗುವವರ ಹೆಸರಿನಲ್ಲಲ್ಲ. ಸೋಮವಾರ ಅಣ್ಣ ಬಂದು ನೋಡಿಕೊಂಡು ಹೋದರೆ ಗುರುವಾರ ಮಗು ಎತ್ತಿಕೊಂಡು ಬಂದ ಹೆಂಡತಿಗೆ ‘ಈ ಸಲದ್ದು ಆಗಿಹೋಗಿದೆ’ ಎಂಬ ಉತ್ತರ ಸಿಗಬಹುದು. ಯಾರು ಯಾವಾಗ ಹೋಗುವುದು ಎಂದು ಎರಡೂ ಮನೆಯವರು ಮೊದಲೇ ಮಾತಾಡಿಕೊಳ್ಳಬೇಕು. ಕೇಸಿನ ಓಡಾಟ ಮಾಡುವವರು ಒಬ್ಬರಾದರೂ ಪ್ರತಿ ಭೇಟಿಯಲ್ಲೂ ಇರುವುದು ಒಳ್ಳೆಯದು.

ಎಷ್ಟು ದಿನಕ್ಕೊಮ್ಮೆ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಜೈಲು ಸಂವಿಧಾನದ ರಾಜ್ಯಪಟ್ಟಿಯ ವಿಷಯ. ಕೇಂದ್ರದ 2016ರ ಮಾದರಿ ಕಾರಾಗೃಹ ಕೈಪಿಡಿಯಾಗಲಿ, 2023ರ ಮಾದರಿ ಕಾಯ್ದೆಯಾಗಲಿ ಬರೀ ಮಾದರಿ. ಆ ಕೈಪಿಡಿ ಹದಿನೈದು ದಿನಕ್ಕೊಮ್ಮೆ, ಒಂದು ಸಲಕ್ಕೆ ಸಾಮಾನ್ಯವಾಗಿ ಮೂವರು, ಅರ್ಧ ಗಂಟೆ ಎನ್ನುತ್ತದೆ. ದೆಹಲಿಯ 2018ರ ನಿಯಮಗಳಲ್ಲಿ ವಾರಕ್ಕೆ ಎರಡು. ಬಂದಿ ಜೈಲಿಗೆ ಬಂದಾಗ ತನ್ನನ್ನು ಕಾಣಲು ಬರಬಹುದಾದವರ ಪಟ್ಟಿ ಕೊಡಬೇಕು ಎಂದೂ ಆ ಕೈಪಿಡಿಯಲ್ಲಿದೆ. ಬಂಧನದ ಗಾಬರಿಯಲ್ಲಿ ಆತ ಅಪ್ಪ ಅಮ್ಮನ ಹೆಸರು ಬರೆಸಿ ಸುಮ್ಮನಾಗಿರುತ್ತಾನೆ. ಜಾಮೀನು ನಿಲ್ಲಬೇಕಾದ ಚಿಕ್ಕಪ್ಪನ ಹೆಸರು ಅದರಲ್ಲಿಲ್ಲ! ಮೊದಲ ಭೇಟಿಯಲ್ಲೇ ಪಟ್ಟಿಗೆ ಹೆಸರು ಸೇರಿಸಲು ಅರ್ಜಿ ಕೊಡುವಂತೆ ಹೇಳಬೇಕು.

ಗೇಟಿನಲ್ಲಿ

ಮೂಲ ಗುರುತಿನ ಚೀಟಿ, ಅದರ ಜೆರಾಕ್ಸ್, ಕೋರಿಕೆ ಸಂಖ್ಯೆ. ಮೊಬೈಲ್, ಸ್ಮಾರ್ಟ್ ವಾಚು, ಪೆನ್‌ಡ್ರೈವ್ ಒಳಗೆ ಹೋಗುವುದಿಲ್ಲ. ಬ್ಯಾಗಿನ ತಳದಲ್ಲಿ ಮರೆತ ಬೀಡಿ ಕಟ್ಟು, ಬ್ಲೇಡು ಕೂಡ ‘ನಿಷೇಧಿತ ವಸ್ತು ಸಾಗಣೆ’ಯ ಕೇಸಾಗಬಹುದು, ಆದ್ದರಿಂದ ಬ್ಯಾಗನ್ನೇ ಬಿಟ್ಟು ಹೋಗುವುದು ವಾಸಿ. ಬೇರೆ ಬಂದಿಯ ಮನೆಯವರು ‘ಇದೊಂದು ಕೊಟ್ಟುಬಿಡಿ’ ಎಂದು ಕೊಟ್ಟದ್ದನ್ನು ಎಷ್ಟೇ ಕನಿಕರ ಹುಟ್ಟಿದರೂ ತೆಗೆದುಕೊಳ್ಳಬಾರದು.

ತಪಾಸಣೆಗೆ ಒಪ್ಪದಿದ್ದರೆ ಒಳಗೆ ಬಿಡದಿರುವ ಅಧಿಕಾರ ಜೈಲರ್‌ಗೆ ಇದೆ. ಆದರೆ ಆ ಅಧಿಕಾರಕ್ಕೂ ಅಂಚಿದೆ. ರಾಜ್ಯಗಳ ಜೈಲು ಕಾನೂನಿಗೆಲ್ಲ ಅಚ್ಚಾದ 1894ರ ಕಾರಾಗೃಹ ಕಾಯ್ದೆಯ 41ನೇ ಕಲಮನ್ನು ಓದಿದರೆ, ಅನುಮಾನ ಬಂದಾಗ ಸಂದರ್ಶಕರನ್ನು ಶೋಧಿಸಬಹುದು, ಆದರೆ ಬಂದಿಯ ಎದುರಿನಲ್ಲಾಗಲಿ ಇನ್ನೊಬ್ಬ ಸಂದರ್ಶಕರ ಎದುರಿನಲ್ಲಾಗಲಿ ಶೋಧಿಸಬಾರದು. ಒಳಗೆ ಬಿಡದಿದ್ದರೆ ಅದರ ಕಾರಣವನ್ನು ದಾಖಲಿಸಬೇಕು. ಬ್ರಿಟಿಷರ ಕಾಲದ, ಕೈದಿಯನ್ನು ಮನುಷ್ಯನೆಂದೇ ಕಾಣದ ಕಾಯ್ದೆಯೊಂದು ಸಂದರ್ಶಕರ ಮಾನಕ್ಕೆ ಇಷ್ಟು ಜಾಗ ಬಿಟ್ಟಿತ್ತು. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳು ಇನ್ನೂ ಮುಂದೆ ಹೋಗಿ, ಮಕ್ಕಳ ಮೇಲೆ ದೇಹದ ಒಳಭಾಗದ ತಪಾಸಣೆ ಮಾಡಲೇಬಾರದು ಎನ್ನುತ್ತವೆ.

ಬಟ್ಟೆ, ಹೊದಿಕೆ, ಪುಸ್ತಕಗಳನ್ನು ಗೇಟಿನ ಕೌಂಟರಿನಲ್ಲಿ ಕೊಡಬೇಕು. ಕಿಟಕಿಯಲ್ಲಿ ಏನನ್ನೂ ದಾಟಿಸುವಂತಿಲ್ಲ. ಖಾಕಿ ಅಥವಾ ಸಿಬ್ಬಂದಿಯ ಸಮವಸ್ತ್ರ ಹೋಲುವ ಬಟ್ಟೆ ಬೇಡ. ಮಾತ್ರೆಯನ್ನು ನೇರವಾಗಿ ಕೊಡಲು ಬರುವುದಿಲ್ಲ. ವೈದ್ಯರ ಚೀಟಿ, ಹಳೆಯ ಆಸ್ಪತ್ರೆಯ ಕಾಗದಗಳ ಪ್ರತಿಯನ್ನು ಜೈಲಿನ ವೈದ್ಯಾಧಿಕಾರಿಗೆ ತಲುಪುವಂತೆ ಕೊಟ್ಟು, ಸ್ವೀಕೃತಿ ಪಡೆಯಬೇಕು. ಸಕ್ಕರೆ ಕಾಯಿಲೆ, ಮೂರ್ಛೆ, ಮಾನಸಿಕ ಚಿಕಿತ್ಸೆಯ ಮಾತ್ರೆ ತಪ್ಪಿದರೆ ಒಂದು ವಾರ ಬಹಳ ದೊಡ್ಡದು. ಒಪ್ಪದಿದ್ದರೆ ವಕೀಲರ ಮೂಲಕ ಕೋರ್ಟಿನಲ್ಲಿ ಅಂದೇ ಮೆಮೊ ಹಾಕಿಸಬೇಕು. ದುಡ್ಡನ್ನು ಬಂದಿಯ ಹೆಸರಿನ ಖಾತೆಗೆ ಜೈಲು ಹೇಳಿದ ದಾರಿಯಲ್ಲೇ ಕಟ್ಟಿ ರಸೀದಿ ಇಟ್ಟುಕೊಳ್ಳಬೇಕು. ಕ್ಯಾಂಟೀನು, ಫೋನು ನಡೆಯುವುದು ಆ ಖಾತೆಯಿಂದ.

ಮನೆ ಮಾತು ಮಾತ್ರ?

ಮಾದರಿ ಕೈಪಿಡಿಯಲ್ಲಿ ಒಂದು ವಿಚಿತ್ರ ಸಾಲಿದೆ. ಸಂದರ್ಶನದಲ್ಲಿ ಖಾಸಗಿ ಮತ್ತು ಮನೆಯ ವಿಷಯವನ್ನಷ್ಟೇ ಮಾತಾಡಬೇಕು. ಜೈಲಿನ ಆಡಳಿತ, ಶಿಸ್ತು, ಬೇರೆ ಬಂದಿಗಳು, ರಾಜಕೀಯ ಇವುಗಳ ಸುದ್ದಿ ಎತ್ತಬಾರದು. ಕಿಟಕಿಯ ಬಳಿ ನಿಂತ ಸಿಬ್ಬಂದಿ ಮಾತಿಗೆ ಅಡ್ಡ ಬರುವುದು ಇದೇ ಸಾಲಿನ ಬಲದಿಂದ.

ಇದನ್ನು ಸುಪ್ರೀಂ ಕೋರ್ಟಿನ ಸುನಿಲ್ ಬಾತ್ರಾ ಪ್ರಕರಣದ ಎರಡನೇ ತೀರ್ಪಿನ ಪಕ್ಕದಲ್ಲಿಟ್ಟು ಓದಬೇಕು. ಬಂದಿಗಳ ಹಕ್ಕಿನ ವಿಷಯದಲ್ಲಿ ಇಂದಿಗೂ ಉಲ್ಲೇಖಿಸುವ ಆ ತೀರ್ಪು ಬಂದದ್ದು 1979ರ ಡಿಸೆಂಬರ್‌ನಲ್ಲಿ. ಅದರ ಮೂಲ ತಿಹಾರ್ ಜೈಲಿನ ಬಂದಿಯೊಬ್ಬ ನ್ಯಾಯಮೂರ್ತಿಗೆ ಬರೆದ ಪತ್ರ. ಪತ್ರದಲ್ಲಿದ್ದುದು ಆತನ ಸ್ವಂತ ಕಷ್ಟವಲ್ಲ. ಇನ್ನೊಬ್ಬ ಬಂದಿಯ ಮೇಲೆ ವಾರ್ಡರ್ ನಡೆಸಿದ ಹಿಂಸೆ. ಹಿಂಸೆಯ ಉದ್ದೇಶವೇನೆಂದರೆ, ಆ ಬಂದಿಯನ್ನು ನೋಡಲು ಬರುತ್ತಿದ್ದ ಬಂಧುಗಳಿಂದ ದುಡ್ಡು ಕೀಳುವುದು! ಜೈಲಿನ ಆಡಳಿತ, ಬೇರೆ ಬಂದಿ, ಸಂದರ್ಶನ ಮೂರೂ ಸೇರಿದ ವಿಷಯವದು. ಕೈಪಿಡಿಯ ಸಾಲನ್ನು ಅಕ್ಷರಶಃ ಪಾಲಿಸಿದರೆ ಅಂಥ ಸಂಗತಿ ಕಿಟಕಿಯಾಚೆ ಬರುವಂತೆಯೇ ಇಲ್ಲ. ಬಂಧುಮಿತ್ರರ ಭೇಟಿ ಒಂಟಿತನದ ನಡುವೆ ಸಿಗುವ ಆಸರೆ, ಅದನ್ನು ಕಾರಣವಿಲ್ಲದೆ ಕಸಿಯುವಂತಿಲ್ಲ ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದೇ ತೀರ್ಪಿನಲ್ಲಿ ಬರೆದರು.

1981ರ ಫ್ರಾನ್ಸಿಸ್ ಕೊರಲಿ ಮುಲಿನ್ ತೀರ್ಪು ಇದಕ್ಕೆ ಸಂವಿಧಾನದ ಬುನಾದಿ ಹಾಕಿತು. ಮುಂಜಾಗ್ರತಾ ಬಂಧನದಲ್ಲಿದ್ದ ಮಹಿಳೆಗೆ ತಿಂಗಳಿಗೊಂದೇ ಭೇಟಿ ಎಂಬ ಷರತ್ತನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಮನೆಯವರನ್ನೂ ವಕೀಲರನ್ನೂ ಕಾಣುವುದು 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಬರುತ್ತದೆ ಎಂದಿತು. ವಕೀಲರ ಭೇಟಿಯ ನಿಯಮ ಇನ್ನೂ ಹಳೆಯದು: ಸಿಬ್ಬಂದಿಗೆ ಕಾಣುವಂತಿರಬೇಕು, ಕೇಳುವಂತಿರಬಾರದು. ಇದನ್ನು ಮನೆಯವರು ಮರೆಯಬಾರದು. ಗಾಜಿನಾಚೆ ಇಂಟರ್‌ಕಾಮ್‌ನಲ್ಲಿ ಆಡುವ ಮನೆಯವರ ಮಾತಿಗೆ ಆ ರಕ್ಷಣೆ ಇಲ್ಲ. ಆ ದಿನ ಏನಾಯಿತು, ಯಾರು ಎಲ್ಲಿದ್ದರು, ಸಾಕ್ಷಿ ಏನು ಹೇಳಬಹುದು ಎಂಬ ಚರ್ಚೆ ಅಲ್ಲಿ ಬೇಡ. ಅದೆಲ್ಲ ವಕೀಲರ ಕೂಡ.

ಹಾಗಾದರೆ ಮಾತಾಡುವುದೇನು?

ಕೇಸಿನ ಸತ್ಯಾಸತ್ಯ ಬಿಟ್ಟು, ಕೇಸಿನ ದಿನಾಂಕ ಮತ್ತು ಕಾಗದ.

ದಿನಾಂಕದಲ್ಲಿ ಮೊದಲನೆಯದು ರಿಮ್ಯಾಂಡ್ ಆದ ದಿನ. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಅಪರಾಧಕ್ಕೆ 90 ದಿನ, ಉಳಿದದ್ದಕ್ಕೆ 60 ದಿನ. ಅಷ್ಟರೊಳಗೆ ದೋಷಾರೋಪ ಪಟ್ಟಿ ಬರದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ. ಕೆಲವು ವಿಶೇಷ ಕಾನೂನುಗಳಲ್ಲಿ ಇದು 180ರವರೆಗೆ ಹಿಗ್ಗುತ್ತದೆ. ರಿಮ್ಯಾಂಡ್ ಮಾಡಿದ ದಿನವೂ ಎಣಿಕೆಗೆ ಸೇರುತ್ತದೆ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಪೇಚೆಲ್ಲಿದೆ ಎಂದರೆ, ಅವಧಿ ಮುಗಿದ ಮೇಲೆ ಪಟ್ಟಿ ಸಲ್ಲಿಕೆಯಾಗುವ ಮೊದಲು ಅರ್ಜಿ ಬೀಳಬೇಕು. ಒಂದು ದಿನ ತಡವಾಗಿ ಅಷ್ಟರಲ್ಲಿ ಪಟ್ಟಿ ಬಂದುಬಿಟ್ಟರೆ ಆ ಹಕ್ಕು ಮುಗಿಯಿತು. ಅರ್ಜಿ ಹಾಕಲು ವಕಾಲತ್ತು ಬೇಕು. ವಕಾಲತ್ತಿಗೆ ಒಳಗಿರುವವನ ಸಹಿ ಬೇಕು, ಸಹಿಗೆ ಜೈಲು ಅಧಿಕಾರಿಯ ದೃಢೀಕರಣದ ಮೊಹರು ಬೇಕು. ಕಾಗದ ಕಚೇರಿಯ ಮೂಲಕ ಒಳಹೋಗಿ ಹೊರಬರಲು ದಿನಗಳೇ ಹಿಡಿಯಬಹುದು. ಆದ್ದರಿಂದ ಮೊದಲ ವಾರದಲ್ಲೇ ವಕಾಲತ್ತಿನ ಕೆಲಸ ಮುಗಿಸುವುದು, ಒಂದಕ್ಕಿಂತ ಹೆಚ್ಚು ಪ್ರತಿಗೆ ಸಹಿ ಹಾಕಿಸಿಕೊಳ್ಳುವುದು ರೂಢಿ.

ಎರಡನೆಯದು ಅದೇ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಲೆಕ್ಕ. ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗಿದ್ದ ವಿಚಾರಣಾಧೀನನನ್ನು ಜಾಮೀನಿನ ಮೇಲೆ ಬಿಡಬೇಕು. ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಯಾಗದವನಾದರೆ ಮೂರನೇ ಒಂದು ಭಾಗ ಸಾಕು. ಮೂರು ವರ್ಷದ ಗರಿಷ್ಠ ಶಿಕ್ಷೆ ಇರುವ ಸಾದಾ ಕಳ್ಳತನದ ಆರೋಪಕ್ಕೆ ಮೊದಲ ಬಾರಿಯವನಿಗೆ ಒಂದು ವರ್ಷ. ಮರಣದಂಡನೆ ಅಥವಾ ಜೀವಾವಧಿಯ ಅಪರಾಧಕ್ಕೆ ಇದು ಅನ್ವಯಿಸದು, ಮತ್ತು ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇದ್ದರೂ ಸಿಗದು. ಹಾಗಾಗಿ ‘ಬೇರೆ ಕೇಸಿದೆಯಾ, ಬಾಡಿ ವಾರಂಟ್ (ಇನ್ನೊಂದು ಕೇಸಿಗೆ ಹಾಜರುಪಡಿಸಲು ಕೋರ್ಟಿನ ಆದೇಶ) ಬಂದಿದೆಯಾ’ ಎಂಬುದು ಭೇಟಿಯಲ್ಲಿ ಕೇಳಲೇಬೇಕಾದ ಪ್ರಶ್ನೆ. ಅವಧಿ ತುಂಬಿದ ಕೂಡಲೇ ಕೋರ್ಟಿಗೆ ಬರೆಯುವುದು ಜೈಲು ಅಧೀಕ್ಷಕರ ಕರ್ತವ್ಯ. ಸಂಹಿತೆ ಜಾರಿಗೆ ಬಂದ 2024ರ ಜುಲೈ 1ಕ್ಕಿಂತ ಹಿಂದಿನ ಕೇಸುಗಳಿಗೂ ಈ ಕಲಂ ಅನ್ವಯಿಸುತ್ತದೆ ಎಂದು ಅದೇ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಷ್ಟು ದಿನ ಒಳಗಿದ್ದಾನೆ ಎಂದು ಜೈಲು ಬರೆದುಕೊಡುವ ಕಸ್ಟಡಿ ಪ್ರಮಾಣಪತ್ರ ಕೇಳಿ ಪಡೆದರೆ ಲೆಕ್ಕ ಕಣ್ಣ ಮುಂದಿರುತ್ತದೆ.

ಮೂರನೆಯದು, ಜಾಮೀನು ಸಿಕ್ಕಿಯೂ ಹೊರಬರದವರ ಪಾಡು. ಆದೇಶ ಆಗಿರುತ್ತದೆ, ಜಾಮೀನುದಾರರು ಸಿಕ್ಕಿರುವುದಿಲ್ಲ. ಆದೇಶ ಆಗಿದೆ ಎಂಬ ಸುದ್ದಿಯೇ ಒಳಗೆ ಮುಟ್ಟದಿರುವುದೂ ಉಂಟು. 2023ರ ಜನವರಿ 31ರ ನಿರ್ದೇಶನದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಕ್ರಮ ಹಾಕಿಕೊಟ್ಟಿದೆ. ಜಾಮೀನು ಆದೇಶದ ಪ್ರತಿ ಅಂದೇ ಅಥವಾ ಮರುದಿನ ಅಧೀಕ್ಷಕರ ಮೂಲಕ ಬಂದಿಗೆ ಇ-ಮೇಲ್‌ನಲ್ಲಿ ಹೋಗಬೇಕು. ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಷರತ್ತು ಸಡಿಲಿಸುವ ಬಗ್ಗೆ ಕೋರ್ಟು ತಾನಾಗಿಯೇ ನೋಡಬಹುದು. ಬಡ ಬಂದಿಗಳ ನೆರವಿಗೆ ಅದೇ ವರ್ಷ ಶುರುವಾದ ಕೇಂದ್ರದ ಯೋಜನೆಯಲ್ಲಿ ಜಾಮೀನಿಗಾಗಿ ₹40,000ವರೆಗೆ, ಶಿಕ್ಷೆಗೊಳಗಾದವರ ದಂಡಕ್ಕೆ ₹25,000ವರೆಗೆ ಕೊಡಲು ಅವಕಾಶ ಮಾಡಲಾಯಿತು. ಇವೆಲ್ಲ ತಾನಾಗಿ ನಡೆಯುವುದಿಲ್ಲ. ‘ಆದೇಶ ಆಗಿ ಎಂಟು ದಿನವಾಯಿತು, ಯಾರಾದರೂ ನಿನ್ನನ್ನು ಬಂದು ಕೇಳಿದರಾ’ ಎಂದು ಕಿಟಕಿಯಲ್ಲಿ ಕೇಳುವವರೊಬ್ಬರು ಬೇಕು. ವಕೀಲರನ್ನು ಇಡುವ ಶಕ್ತಿ ಇಲ್ಲದಿದ್ದರೆ ಜೈಲಿನಲ್ಲೇ ಇರುವ ಕಾನೂನು ನೆರವು ಕ್ಲಿನಿಕ್‌ಗೆ ಹೆಸರು ಬರೆಸುವಂತೆ ಹೇಳಿ, ಹೊರಗಿನಿಂದ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಬಹುದು.

ಪರದೆಯ ಮೇಲಿನ ಮುಖ

2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಜೈಲುಗಳು ಸಂದರ್ಶನ ನಿಲ್ಲಿಸಿದಾಗ ವಿಡಿಯೊ ಭೇಟಿ ತುರ್ತಿನ ಬದಲಿಯಾಗಿ ಹಬ್ಬಿತು. ದೂರದವರಿಗೆ ಅದು ನಿಜಕ್ಕೂ ಉಪಕಾರ. ಬೆಂಗಳೂರಿನವನನ್ನು ಐನೂರು ಕಿಲೋಮೀಟರ್ ಆಚೆಯ ಬೆಳಗಾವಿಯ ಹಿಂಡಲಗಾಕ್ಕೆ ವರ್ಗಾಯಿಸಿದರೆ ಕೂಲಿ ಮಾಡುವ ಮನೆಯವರು ಎರಡು ದಿನದ ದುಡಿಮೆ ಬಿಟ್ಟು, ಬಸ್ಸಿಗೆ ಸಾಲ ಮಾಡಿ ಅರ್ಧ ಗಂಟೆಗೆ ಹೋಗಿಬರಬೇಕು. ವಿಚಾರಣಾಧೀನನ ಇಂಥ ವರ್ಗಾವಣೆ ಬರೀ ಆಡಳಿತದ ವಿಷಯವಲ್ಲ, ಕೋರ್ಟು ವಿವೇಚಿಸಿಯೇ ಅನುಮತಿ ಕೊಡಬೇಕು ಎಂಬುದು 2012ರ ಸಯೀದ್ ಸೊಹೈಲ್ ಶೇಖ್ ಪ್ರಕರಣದ ತೀರ್ಪು. ಮನೆಯವರಿಗೆ ಆಗುವ ತೊಂದರೆಯನ್ನು ಆ ಹಂತದಲ್ಲೇ ಆಕ್ಷೇಪಣೆಯಾಗಿ ಹಾಕಬೇಕು, ಆಮೇಲೆ ಗೋಳಾಡಿ ಪ್ರಯೋಜನ ಕಡಿಮೆ.

ಆದರೆ ವಿಡಿಯೊ ಇದೆಯಲ್ಲ ಎಂಬ ಮಾತು ಖುದ್ದು ಭೇಟಿ ಕೊಡದಿರಲು ನೆಪವಾಗತೊಡಗಿದರೆ ಅದು ನ್ಯಾಯಾಲಯ ಹೇಳಿದ್ದಕ್ಕೆ ತಿರುಗುಮುರುಗು. 1,382 ಜೈಲುಗಳ ಅಮಾನವೀಯ ಸ್ಥಿತಿಯ ಪ್ರಕರಣದಲ್ಲಿ 2017ರ ಸೆಪ್ಟೆಂಬರ್ 15ರಂದು ಸುಪ್ರೀಂ ಕೋರ್ಟ್ ಕೇಳಿದ್ದು ಭೇಟಿಯ ಅವಧಿ ಮತ್ತು ಸಂಖ್ಯೆ ಹೆಚ್ಚಿಸಿ ಎಂದು. ಫೋನು, ವಿಡಿಯೊ ಕಾನ್ಫರೆನ್ಸ್‌ ಅದರ ಜೊತೆಗೆ. ಜೈಲಿನಲ್ಲಿ ಆಗುವ ಅಸಹಜ ಸಾವುಗಳ ಚರ್ಚೆಯ ನಡುವೆ ಬಂದ ಮಾತದು. ಪರದೆಯಲ್ಲಿ ಕಾಣದ್ದು ಬಹಳ: ಕುಂಟುವ ಕಾಲು, ಬಾವು ಬಂದ ಕೈ, ಸಿಬ್ಬಂದಿ ಹತ್ತಿರ ಬಂದಾಗ ಬದಲಾಗುವ ದನಿ. ವಕಾಲತ್ತಿಗೆ ಸಹಿಯೂ ಪರದೆಯಲ್ಲಿ ಆಗದು.

ಮಕ್ಕಳ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಜೈಲಿನಲ್ಲಿರುವ ತಾಯಿಯ ಜೊತೆ ಮಗು ಆರು ವರ್ಷದವರೆಗೆ ಇರಬಹುದು. ಆಮೇಲೆ ಹೊರಗೆ ಕಳಿಸಬೇಕು, ಆದರೆ ವಾರಕ್ಕೊಮ್ಮೆಯಾದರೂ ತಾಯಿಯನ್ನು ಕಾಣಿಸಬೇಕು ಎಂದು ಆರ್.ಡಿ. ಉಪಾಧ್ಯಾಯ ಪ್ರಕರಣದ 2006ರ ತೀರ್ಪು ಹೇಳುತ್ತದೆ. ಮಹಿಳಾ ಬಂದಿಗಳ ಕುರಿತ ವಿಶ್ವಸಂಸ್ಥೆಯ 2010ರ ಬ್ಯಾಂಕಾಕ್ ನಿಯಮಗಳು ತಾಯಿ ಮಗು ಮುಟ್ಟಿ ಮಾತಾಡುವಂಥ ಭೇಟಿ ಬೇಕು ಎನ್ನುತ್ತವೆ. ಗಾಜಿನಾಚೆ ಕೈ ಅಂಟಿಸಿ ನಿಂತ ನಾಲ್ಕು ವರ್ಷದ ಮಗುವಿಗೆ ಇಂಟರ್‌ಕಾಮ್ ರಿಸೀವರ್ ಹಿಡಿಯಲೂ ಬರುವುದಿಲ್ಲ. ಭದ್ರತೆಗೆ ಧಕ್ಕೆಯಾಗದೆ ಗೋಡೆ ಸಡಿಲಿಸಬಹುದು ಎಂಬುದಕ್ಕೆ ಉದಾಹರಣೆ ಪಂಜಾಬಿನಲ್ಲಿದೆ: 2022ರಲ್ಲಿ ಗೋಯಿಂದ್ವಾಲ್ ಸಾಹಿಬ್ ಜೈಲಿನಿಂದ ಆರಂಭಿಸಿ, ನಡತೆ ನೋಡಿ ಪತಿ ಪತ್ನಿಯರಿಗೆ ಪ್ರತ್ಯೇಕ ಕೊಠಡಿಯಲ್ಲಿ ಭೇಟಿ ಕೊಡಲಾಯಿತು.

‘ಇವತ್ತು ಆಗಲ್ಲ’ ಎಂದಾಗ

ಗೇಟಿನಲ್ಲಿ ಜಗಳ ಮಾಡಿದರೆ ಅದರ ಬಿಸಿ ಮೊದಲು ತಟ್ಟುವುದು ಒಳಗಿರುವವರಿಗೆ. ಬಾಯಿಮಾತಿನ ‘ಆಗಲ್ಲ’ವನ್ನು ಕಾಗದಕ್ಕೆ ತರುವುದೇ ಇಲ್ಲಿನ ಉಪಾಯ. ಅಧೀಕ್ಷಕರ ಹೆಸರಿಗೆ ನಾಲ್ಕು ಸಾಲಿನ ಅರ್ಜಿ: ಯಾರು, ಯಾರನ್ನು ಕಾಣಲು, ಎಷ್ಟು ಗಂಟೆಗೆ ಬಂದರು, ಯಾವ ಕೋರಿಕೆ ಸಂಖ್ಯೆ, ನಿರಾಕರಣೆಯ ಕಾರಣ ಲಿಖಿತವಾಗಿ ಕೊಡಿ. ಎರಡು ಪ್ರತಿ ಮಾಡಿ ಒಂದಕ್ಕೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಬೇಕು. ಮೊಹರು ಹಾಕದಿದ್ದರೆ ಹತ್ತಿರದ ಅಂಚೆ ಕಚೇರಿಯಿಂದ ಅಂದೇ ಸ್ಪೀಡ್ ಪೋಸ್ಟ್. ಕಾಗದ ಕಂಡೊಡನೆ ಅರ್ಧದಷ್ಟು ‘ಆಗಲ್ಲ’ಗಳು ‘ಸ್ವಲ್ಪ ಕೂತಿರಿ’ ಆಗುತ್ತವೆ.

ಶಿಕ್ಷೆಯ ರೂಪದಲ್ಲಿ ಭೇಟಿ ನಿಲ್ಲಿಸಿದ್ದರೆ ಯಾವ ತಪ್ಪಿಗೆ, ಎಷ್ಟು ದಿನಕ್ಕೆ ಎಂದು ಕೇಳಬೇಕು. ಮಂಡೇಲಾ ನಿಯಮಗಳ ಪ್ರಕಾರ ಕುಟುಂಬದ ಸಂಪರ್ಕವನ್ನು ಪೂರ್ತಿ ನಿಷೇಧಿಸುವುದು ಶಿಸ್ತುಕ್ರಮವಾಗಲಾರದು; ಭದ್ರತೆಗೆ ಅನಿವಾರ್ಯವಾದಷ್ಟು ಕಾಲ ಮಿತಿ ಹೇರಬಹುದು. ಅಧೀಕ್ಷಕರಿಂದ ಉತ್ತರ ಬರದಿದ್ದರೆ ಮುಂದಿನ ಮೆಟ್ಟಿಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿ, ಆಮೇಲೆ ರಿಮ್ಯಾಂಡ್ ಮಾಡಿದ ಕೋರ್ಟು, ಕೊನೆಗೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟು. ಎಲ್ಲ ಕಡೆಯೂ ಮೊದಲು ಕೇಳುವುದು ಆ ಮೊಹರು ಬಿದ್ದ ಪ್ರತಿಯನ್ನೇ.